ಯಾಯೇಲಳ ಉಪಚಾರ

ಕೊಲೋನ್, ೨೦ ಏಪ್ರಿಲ್ ೧೫೭೭

ಆಂಟ್ವರ್ಪಿನ ಅತ್ತಿಗೆ ಡಿಂಫ್ನಾ ಅವರಿಗೆ ಗಿಲ್ಲಿಸನ ವಂದನೆಗಳು.

ನಿಮ್ಮ ಪತ್ರಗಳೆಲ್ಲ ತಲುಪಿವೆ. ಉತ್ತರ ಬರೆಯಲಿಲ್ಲವೆಂದು ಕೊನೆಯದರಲ್ಲಿ ಹೊಟ್ಟೆ ತುಂಬ ಬೈದಿದ್ದೀರಿ, ಆದ್ದರಿಂದ ನಾನು ಕ್ಷಮೆ ಕೇಳುವ ಅಗತ್ಯ ಉಳಿದಿಲ್ಲ. ಅಣ್ಣ ಲಾಂಬರ್ಟ್ ತೀರಿಕೊಂಡನೆಂದು ತಿಳಿದ ಮೇಲೆ ಲೇಖನಿ ಹಿಡಿಯಲು ಮನಸ್ಸಾಗಲಿಲ್ಲ. ಉಳಿ ಮಾತ್ರ ಹಿಡಿದೆ.

ಸಾಯುವ ಮುಂಚೆ ಅವನು ಅರಗು ಒತ್ತಿ ನನಗೆ ಕಳಿಸಿದ ಸುರುಳಿಯಲ್ಲಿ ಆರು ಚಿತ್ರಗಳಿದ್ದವು. ಎಲ್ಲರೂ ಬೈಬಲ್ಲಿನ ಗಟ್ಟಿಗಿತ್ತಿಯರು: ಹೊಲೊಫೆರ್ನನ ತಲೆಯನ್ನು ಚೀಲಕ್ಕೆ ತುರುಕುತ್ತಿರುವ ಯೂದಿತ, ಕತ್ತರಿ ಹಿಡಿದ ದೆಲೀಲ, ಕಣ್ಣಿಗೆ ಕಪ್ಪು ತೀಡಿಕೊಂಡು ಕಿಟಕಿಯಲ್ಲಿ ನಿಂತ ಈಜೆಬೆಲ, ತಟ್ಟೆ ಹಿಡಿದ ಹೆರೋದ್ಯಳ ಮಗಳು, ಗೋಪುರದಿಂದ ಅಬೀಮೆಲೆಕನ ನೆತ್ತಿಗೆ ಬೀಸುವ ಕಲ್ಲು ಎತ್ತಿಹಾಕಿದ ಆ ಹೆಸರಿಲ್ಲದ ಹೆಂಗಸು, ಮತ್ತು ಯಾಯೇಲ. ಅಣ್ಣ ಚಿತ್ರ ಬರೆಯುವುದು, ನಾನು ತಾಮ್ರದಲ್ಲಿ ಕೆತ್ತುವುದು, ನಿಮ್ಮ ಅಂಗಡಿಯಲ್ಲಿ ಅಚ್ಚಾಗುವುದು, ಇದು ಹಿಂದಿನಿಂದ ನಡೆದುಬಂದ ಏರ್ಪಾಡು. ಆರರಲ್ಲಿ ಯಾಯೇಲಳನ್ನೇ ಮೊದಲು ಮುಗಿಸಿದ್ದೇನೆ. ಫಲಕವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಗಾಡಿಯವನ ಕೈಯಲ್ಲಿ ಕಳಿಸಿದ್ದೇನೆ. ಕೆಳಗೆ ಹೆಸರನ್ನೂ ಕೆತ್ತಿದ್ದೇನೆ: 'ಯಾಯೇಲಳ ಉಪಚಾರ'.

ಇನ್ನು ನಿಮ್ಮ ಮಗಳು ಅಲೈಟಳ ವಿಷಯ. ಹೋದ ನವೆಂಬರಿನಲ್ಲಿ ಸ್ಪೇನಿನ ಸಿಪಾಯಿಗಳು ನಿಮ್ಮ ಊರಿಗೆ ಬೆಂಕಿ ಇಟ್ಟಾಗ ನೀವೇ ಅವಳನ್ನು ನನ್ನ ಮನೆಗೆ ಕಳಿಸಿದಿರಿ. ಈಗ ಸಿಪಾಯಿಗಳು ಹೊರಟುಹೋದರು, ಮಗಳನ್ನು ವಾಪಸ್ಸು ಕಳಿಸು ಅನ್ನುತ್ತೀರಿ. ಅಲೈಟ್ ಆರೋಗ್ಯವಾಗಿದ್ದಾಳೆ, ನನ್ನ ಹೆಂಡತಿ ಉರ್ಸೆಲಳ ಜೊತೆ ಚೆನ್ನಾಗಿ ಹೊಂದಿಕೊಂಡಿದ್ದಾಳೆ. ಅವಳು ಇಲ್ಲೇ ಇರುತ್ತಾಳೆ. ಕಾರಣ ಕೇಳಬೇಡಿ. ಫಲಕದಿಂದ ಒಂದು ಅಚ್ಚು ತೆಗೆದು ನೋಡಿ, ಕಾರಣ ಅಲ್ಲಿದೆ.

ಗಿಲ್ಲಿಸ್


ಆಂಟ್ವರ್ಪ್, ೯ ಮೇ ೧೫೭೭

ಗಿಲ್ಲಿಸ್,

ನಾನು ನಿನ್ನ ಅಣ್ಣನ ಹೆಂಡತಿ. ನೀನು ಈ ಮನೆಯಲ್ಲಿ ಕೆಲಸ ಕಲಿಯುವಾಗ ಉಳಿ ಜಾರಿ ಹೆಬ್ಬೆರಳು ಸೀಳಿಕೊಂಡು ಅತ್ತದ್ದನ್ನು ನೋಡಿದವಳು, ಬಟ್ಟೆ ಕಟ್ಟಿದವಳು. ಹಾಗಾಗಿ ನಿನ್ನನ್ನು ನೀನು ಎಂದೇ ಕರೆಯುತ್ತೇನೆ. ನಿನ್ನ 'ನೀವು, ತಾವು' ನೀನೇ ಇಟ್ಟುಕೋ, ಚಳಿಗೆ ಹೊದೆಯಲು ಆದೀತು.

ಅಚ್ಚು ತೆಗೆದು ನೋಡಿದೆ. ಒಬ್ಬಳೇ ಅಲ್ಲ, ಇಡೀ ಅಂಗಡಿ ನೋಡಿತು. ಮುದುಕ ಪಾವೆಲ್ಸ್ ಎಂದಿನಂತೆ ಅಚ್ಚಿನ ಉರುಳೆ ತಿರುಗಿಸಿ, ಒದ್ದೆ ಕಾಗದವನ್ನು ಮೂಲೆ ಹಿಡಿದು ಎತ್ತಿದ. ಎತ್ತಿದವನು ಹಾಗೇ ನಿಂತ. "ಅಮ್ಮಾವ್ರೇ," ಅಂದ, "ಇದು ನೀವೇ ಅಲ್ವಾ? ಸುತ್ತಿಗೆ ಒಂದು ಹೊಸದು. ಮುಖ ಮಾತ್ರ ನಾನು ಮಸಿ ಚೆಲ್ಲಿದ ದಿನ ನೋಡಿರೋದೇ." ಎಲ್ಲರೂ ನಕ್ಕರು. ಆಮೇಲೆ ಅವನ ಕಣ್ಣು ಕೆಳಗೆ ಮಲಗಿದ್ದವನ ಮೇಲೆ ಹೋಯಿತು. ನಗು ನಿಂತಿತು.

ಸೋತು ಓಡಿಬಂದ ಸೇನಾಪತಿ ಸೀಸೆರ ನೀರು ಕೇಳಿದ, ಯಾಯೇಲ ಹಾಲು ಕೊಟ್ಟಳು, ಕಂಬಳಿ ಹೊದಿಸಿದಳು, ನಿದ್ದೆ ಹತ್ತಿದ ಮೇಲೆ ಗುಡಾರದ ಗೂಟವನ್ನು ಅವನ ಕಣ್ಣಿನ ಪಕ್ಕ, ಕಣತಲೆಗೆ ಜಡಿದಳು. ಈ ಕಥೆ ಈ ಊರಿನ ಮಕ್ಕಳಿಗೂ ಗೊತ್ತು. ನಾವು ಎಷ್ಟು ಯಾಯೇಲರನ್ನು ಮಾರಿಲ್ಲ! ಪಾದ್ರಿಗೆ ಮಾರುವಾಗ ಅವಳು ಪುಣ್ಯವಂತೆ, ಹೆಂಡದಂಗಡಿಯವನಿಗೆ ಮಾರುವಾಗ ಅದೇ ಅವಳು ಕಪಟಿ. ಕೆಳಗಿನ ಸಾಲು ಬದಲಾದರೆ ಸಾಕು. ಗಂಡಸರು ಈ ಹೆಂಗಸರನ್ನು ಗೋಡೆಗೆ ಅಂಟಿಸಿಕೊಂಡು ಕುಡಿದು ನಗುತ್ತಾರೆ, ಆಮೇಲೆ ಮನೆಗೆ ಹೋಗಿ ಹೆಂಡತಿಯ ಕೈಯಲ್ಲಿ ಏನಿದೆ ಎಂದು ಕದ್ದು ನೋಡುತ್ತಾರೆ. ಅದೆಲ್ಲ ವ್ಯಾಪಾರ, ನನಗೆ ಬೇಸರವಿಲ್ಲ.

ಆದರೆ ನಿನ್ನ ಯಾಯೇಲಳ ಹುಬ್ಬಿನಲ್ಲಿ ನನ್ನ ಗಾಯದ ಗೆರೆ ಇದೆ. ನಿನ್ನ ಸೀಸೆರನ ದವಡೆ ಒಂದು ಕಡೆ ಊದಿಕೊಂಡಿದೆ, ಲಾಂಬರ್ಟನ ಗಡ್ಡೆ ಇದ್ದ ಕಡೆಯೇ. ಕಣ್ಣು ಮುಚ್ಚಿ, ಕೈಗಳನ್ನು ಕಂಬಳಿಯೊಳಗೆ ಇಟ್ಟುಕೊಂಡು, ಏನೂ ಅರಿಯದ ಮಗುವಿನ ಹಾಗೆ ಮಲಗಿದ್ದಾನೆ. ಪಕ್ಕದಲ್ಲಿ ಹಾಲಿನ ಬಟ್ಟಲು, ಬಟ್ಟಲಿನಲ್ಲಿ ಜೊಂಡಿನ ಕೊಳವೆ. ಯಾವ ಬೈಬಲ್ಲಿನಲ್ಲಿದೆಯೋ ಆ ಕೊಳವೆ? ಬಾಯಿ ತೆರೆಯಲಾಗದ ಗಂಡನಿಗೆ ನಾನು ಕೊಳವೆಯಲ್ಲಿ ಹಾಲು ಕುಡಿಸುತ್ತಿದ್ದೆನೆಂದು ನಿನಗೆ ಹೇಳಿದವರು ಯಾರು? ಅವನು ನರಳುತ್ತಿದ್ದಾಗ ಒಂದು ಸಲವೂ ಬಂದು ನೋಡದವನು ನೀನು. ಅವನು ಕಳಿಸಿದ ಒಳ್ಳೆಯ ಚಿತ್ರಕ್ಕೆ ನಮ್ಮಿಬ್ಬರ ಮುಖ ಅಂಟಿಸಿ ಕೊಲೆಗಾರ್ತಿ ಅಂತ ಊರಿಗೆ ಸಾರುವಷ್ಟು ವಿಷ ಎಲ್ಲಿತ್ತು ನಿನ್ನಲ್ಲಿ?

ಫಲಕದ ಮೂಲೆಯಲ್ಲಿ ನಿನ್ನ ಹೆಸರೂ ಇಲ್ಲ. ಮುಖ ನಮ್ಮದು ಹಾಕಿ ಹೆಸರು ನಿನ್ನದು ಬಚ್ಚಿಟ್ಟೆ. ಶಹಭಾಷ್.

ನನ್ನ ಮಗಳನ್ನು ಕಳಿಸು. ಅವಳು ನಿನ್ನ ಫಲಕ ಅಲ್ಲ, ನಿನಗೆ ತೋಚಿದಂತೆ ಕೆತ್ತಲು.

ಡಿಂಫ್ನಾ


ಕೊಲೋನ್, ೨ ಜೂನ್ ೧೫೭೭

ಅತ್ತಿಗೆ,

ಸರಿ, ನಾನೂ 'ನೀನು' ಎಂದೇ ಬರೆಯುತ್ತೇನೆ. ನೀನೇ ಬಾಗಿಲು ತೆರೆದೆ.

ಕೊಳವೆಯ ವಿಷಯ ನನಗೆ ಯಾರೂ ಹೇಳಲಿಲ್ಲ. ಅದು ಅಣ್ಣನ ಚಿತ್ರದಲ್ಲೇ ಇತ್ತು. ನಿನ್ನ ಹುಬ್ಬಿನ ಗಾಯ ಚಿತ್ರದಲ್ಲಿತ್ತು, ಅವನ ಊದಿದ ದವಡೆ ಚಿತ್ರದಲ್ಲಿತ್ತು, ಬಟ್ಟಲು ಇತ್ತು. ಒಂದು ಮುಖವನ್ನೂ ನಾನು ಅಂಟಿಸಲಿಲ್ಲ. ಬೇರೆ ಐದು ಹೆಂಗಸರನ್ನು ಅವನು ನೆನೆದು ಬರೆದಿದ್ದ; ಇವಳೊಬ್ಬಳನ್ನು ಹಾಸಿಗೆಯಿಂದ ನೋಡಿ ಬರೆದಿದ್ದ. ನಾನೂ ಇದೇ ಕಸುಬಿನವನು, ನೋಡಿ ಬರೆದದ್ದು ಯಾವುದು, ನೆನೆದು ಬರೆದದ್ದು ಯಾವುದು ಅಂತ ನನಗೆ ಯಾರೂ ಕಲಿಸಬೇಕಾಗಿಲ್ಲ.

ಮಾತು ನಿಂತುಹೋದ ಮನುಷ್ಯ ದೂರು ಹೇಳುವುದು ಹೇಗೆ? ಪಕ್ಕದಲ್ಲೇ ನೀನು ಕೂತಿದ್ದೆ, ಪತ್ರ ಬರೆದರೆ ನೀನು ಓದುತ್ತಿದ್ದೆ. ಹಾಗಾಗಿ ತನಗೆ ಗೊತ್ತಿದ್ದ ರೀತಿಯಲ್ಲಿ ಹೇಳಿದ, ಅರಗು ಒತ್ತಿ ನಿನ್ನ ಕೈಯಿಂದಲೇ ನನಗೆ ಕಳಿಸಿದ. ನಿಮ್ಮ ವೈದ್ಯ ಅವನು ಬೇಸಿಗೆ ಕಾಣುತ್ತಾನೆ ಅಂದಿದ್ದನಂತೆ. ಅವನು ಈಸ್ಟರ್ ಕೂಡ ಕಾಣಲಿಲ್ಲ. ಹಾಲಿಗೆ ಗಸಗಸೆ ಕಾಯಿಯ ರಸ ಬೆರೆಸಿ ಕೊಡುತ್ತಿದ್ದೆ ಎಂದು ನೀನೇ ಬರೆದಿದ್ದೆ, ನೋವಿಗೆ ಅಂತ. ಎಷ್ಟು ಬೆರೆಸಿದೆ ಅಂತ ಮಾತ್ರ ಬರೆಯಲಿಲ್ಲ.

ಫಲಕ ಕಳಿಸುವ ಮೊದಲು ನಾನು ತೆಗೆದಿಟ್ಟುಕೊಂಡ ಕರಡಚ್ಚನ್ನು ಅಲೈಟಳಿಗೆ ತೋರಿಸಿದ್ದೇನೆ. ಮುಚ್ಚಿಡುವುದು ಸರಿಯಲ್ಲ ಅನ್ನಿಸಿತು. ಅವಳು ತುಂಬ ಹೊತ್ತು ನೋಡಿದಳು.

"ಅಮ್ಮ ಅಂಥದ್ದು ಮಾಡ್ತಾಳಾ ಚಿಕ್ಕಪ್ಪ?"

"ನಿಮ್ಮಪ್ಪ ಯಾವತ್ತಾದ್ರೂ ಇಲ್ಲದ್ದು ಬರ್ದಿದ್ನಾ, ಹೇಳು."

ಅವಳು ಅಚ್ಚನ್ನು ಕೇಳಿ ತೆಗೆದುಕೊಂಡು ತನ್ನ ಬಳಿ ಇಟ್ಟುಕೊಂಡಳು. ಆವತ್ತಿನಿಂದ ಹಾಲು ಮುಟ್ಟುತ್ತಿಲ್ಲ. ಉರ್ಸೆಲ್ ಹಾಲಿನಲ್ಲಿ ಬೇಯಿಸಿದ ಗಂಜಿ ಇಟ್ಟರೂ ತಟ್ಟೆ ದೂಡಿ ಏಳುತ್ತಾಳೆ. ನಿನ್ನ ಮಗಳು ನಿನ್ನ ಮನೆಗೆ ಏಕೆ ಬರುವುದಿಲ್ಲವೆಂದು ಇನ್ನಾದರೂ ಅರ್ಥವಾಯಿತೇ?

ಗಿಲ್ಲಿಸ್


ಆಂಟ್ವರ್ಪ್, ೨೪ ಜೂನ್ ೧೫೭೭

ಗಿಲ್ಲಿಸ್,

ಆ ಚಿತ್ರವನ್ನು ನನಗೆ ಕಳಿಸು. ನೀನು ಕೆತ್ತಿದ್ದನ್ನಲ್ಲ, ಅವನು ಬರೆದದ್ದನ್ನು.

ಸುರುಳಿಯನ್ನು ಅವನು ನನಗೆ ತೋರಿಸಲಿಲ್ಲ. ನಾನು ಬಗ್ಗಿ ನೋಡಲು ಹೋದಾಗ ಕೈ ಅಡ್ಡ ಹಿಡಿದ. ಮೊದಲು ಯಾವತ್ತೂ ಹಾಗೆ ಮಾಡಿರಲಿಲ್ಲ. ಮೇಣದಬತ್ತಿ ತಾ ಎಂದು ಸನ್ನೆ ಮಾಡಿ, ತಾನೇ ಅರಗು ಕರಗಿಸಿ ಒತ್ತಿದ. ನಾನು ಹೆಚ್ಚು ಕೇಳಲಿಲ್ಲ.

ಅವನ ಕೈಬರಹವನ್ನು, ಅವನ ಗೆರೆಯನ್ನು ನನ್ನ ಕಣ್ಣಿನಿಂದ ನೋಡಬೇಕು. ಅವನು ನನ್ನನ್ನು ಹಾಗೆ ಬರೆದಿದ್ದರೆ ನಾನು ಯಾರ ಜೊತೆಯೂ ಜಗಳ ಆಡುವುದಿಲ್ಲ.

ಅಲೈಟ್ ಹಾಲು ಬಿಟ್ಟದ್ದಕ್ಕೆ ಅವಳನ್ನು ಬೈಯಬೇಡಿ. ಮೊಟ್ಟೆ ಕೊಡಿ, ಅರ್ಧ ಬೆಂದದ್ದು ಅವಳಿಗೆ ಇಷ್ಟ.

ಡಿಂಫ್ನಾ


ಕೊಲೋನ್, ೧೮ ಜುಲೈ ೧೫೭೭

ಅತ್ತಿಗೆ,

ಕೇಳುವುದು ಕೇಳಿದೆ, ಆದರೆ ಕಸುಬಿನ ಮನೆಯಲ್ಲಿ ಇಷ್ಟು ವರ್ಷ ಇದ್ದು ಇದೂ ಮರೆತೆಯಾ? ಚಿತ್ರದ ಬೆನ್ನಿಗೆ ಇದ್ದಿಲ ಪುಡಿ ಸವರಿ, ತಾಮ್ರದ ಮೇಲೆ ಇಟ್ಟು, ಒಂದೊಂದು ಗೆರೆಯ ಮೇಲೂ ಮೊನೆ ಎಳೆದು ಒತ್ತಿದ ಮೇಲೆ ಕಾಗದ ಉಳಿಯುತ್ತದೆಯೇ? ಹರಿದು ಚಿಂದಿಯಾಯಿತು. ಒಲೆಗೆ ಹಾಕಿದೆ. ಅಣ್ಣನ ಗೆರೆ ಈಗ ತಾಮ್ರದಲ್ಲಿ ಮಾತ್ರ ಇದೆ, ಆ ತಾಮ್ರ ನಿನ್ನ ಮನೆಯಲ್ಲೇ ಇದೆ. ನೋಡಬೇಕೆನಿಸಿದಾಗಲೆಲ್ಲ ನೋಡಿಕೋ.

ನೀನು ಮೆತ್ತಗಾದದ್ದು ಕಂಡು ಸಂತೋಷವಾಯಿತು. ನಾನೇನು ರಾಕ್ಷಸನಲ್ಲ. ನ್ಯಾಯಾಧೀಶರ ಬಳಿ ಹೋಗುವ ಆಸೆ ನನಗಿಲ್ಲ, ಅದು ನಮ್ಮ ಮನೆತನದ ಹೆಸರೂ ಹೌದು. ನೀನು ಅಂಗಡಿಯನ್ನು, ಉರುಳೆಯನ್ನು, ಅಣ್ಣನ ಫಲಕಗಳನ್ನೆಲ್ಲ ನನಗೆ ಒಪ್ಪಿಸು. ಒಂಟಿ ಹೆಂಗಸರ ಮಠ ಸೇರಿಕೊಂಡು ಪ್ರಾರ್ಥನೆ ಮಾಡಿಕೊಂಡಿರು. ಅಲೈಟಳಿಗೆ ಒಳ್ಳೆಯ ಕಡೆ ನಾನೇ ಮದುವೆ ಮಾಡುತ್ತೇನೆ. ಆಗ ಯಾಯೇಲಳ ಮುಖವನ್ನು ಹೆರೆದು ಬೇರೆ ಮುಖ ಕೆತ್ತಿಬಿಡುತ್ತೇನೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಬೇಡ ಅಂದರೆ, ನಿನ್ನ ಅಂಗಡಿಯ ಕರಡಚ್ಚೇ ನಿನ್ನ ಮೇಲೆ ಸಾಕ್ಷಿ ಹೇಳುತ್ತದೆ. ಊರೆಲ್ಲ ನಿನ್ನ ಹುಬ್ಬನ್ನು ನೋಡಿದೆ.

ಯೋಚನೆ ಮಾಡು.

ಗಿಲ್ಲಿಸ್


ಆಂಟ್ವರ್ಪ್, ೩೦ ಆಗಸ್ಟ್ ೧೫೭೭

ಗಿಲ್ಲಿಸ್,

ಯೋಚನೆ ಮಾಡಿದೆ. ಒಪ್ಪಿಕೊಳ್ಳೋಣ ಅಂತಲೇ ಇದ್ದೆ. ಇದನ್ನು ಓದಿ ಕೈ ಕೈ ಹಿಸುಕಿಕೋ.

ಈ ವಾರ ಇಲ್ಲಿ ಸ್ಪೇನಿನವರ ಕೋಟೆಯನ್ನು ಜನ ಒಡೆಯುತ್ತಿದ್ದಾರೆ. ಮೀನು ಮಾರುವವರಿಂದ ಹಿಡಿದು ದೊಡ್ಡ ಮನೆಯ ಹೆಂಗಸರವರೆಗೆ ಎಲ್ಲರೂ ಗುದ್ದಲಿ, ಬುಟ್ಟಿ ಹಿಡಿದು ಹೋಗುತ್ತಿದ್ದಾರೆ. ನಾನೂ ಅಂಗಡಿಯ ಸುತ್ತಿಗೆ ಹಿಡಿದು ಹೋದೆ. ದಾರಿಯಲ್ಲಿ ಬ್ರೆಡ್ಡಿನ ಅಂಗಡಿಯವನು, "ಓಹೋ, ಯಾಯೇಲಮ್ಮ ಹೊರಟ್ರು, ಇವತ್ತು ಯಾರ ತಲೆಗೆ?" ಅಂತ ಕೂಗಿದ. ನಿನ್ನ ಉಪಕಾರ. "ಸಾಲಲ್ಲಿ ನಿಂತ್ಕೋ, ನಿನ್ನ ಸರದೀನೂ ಬರತ್ತೆ," ಅಂದೆ. ಜನ ನಕ್ಕರು, ಅವನೂ ನಕ್ಕ, ನನಗೆ ಅಳು ಬಂತು.

ಅದೇ ಸಿಟ್ಟಿನಲ್ಲಿ ಮನೆಗೆ ಬಂದು ಫಲಕ ತೆಗೆದೆ. ಮಠಕ್ಕೆ ಹೋಗುವುದೇ ಆದರೆ ಈ ಮುಖವನ್ನು ನಾನೇ ಅಳಿಸಿ ಹೋಗುತ್ತೇನೆ, ನಿನ್ನ ಕೈಗೆ ಬಿಡುವುದಿಲ್ಲ ಅಂದುಕೊಂಡೆ. ಕೆತ್ತಿದ್ದನ್ನು ಅಳಿಸುವುದು ಹೇಗೆಂದು ನಿನಗೆ ಹೇಳಬೇಕಿಲ್ಲ. ಮುಂದಿನಿಂದ ಗೆರೆಗಳನ್ನು ಹೆರೆದು ಉಜ್ಜಿ ಹಾಕಿದರೆ ಅಲ್ಲಿ ತಾಮ್ರ ತಗ್ಗಾಗುತ್ತದೆ. ಆ ತಗ್ಗು ಮೇಲೇಳಬೇಕಾದರೆ ಫಲಕವನ್ನು ಅಡಿಗಲ್ಲಿನ ಮೇಲೆ ಮಗುಚಿ ಹಾಕಿ, ಸರಿಯಾಗಿ ಅದೇ ಜಾಗದ ಬೆನ್ನಿಗೆ ಸುತ್ತಿಗೆಯಿಂದ ತಟ್ಟಬೇಕು. ನಾನು ಫಲಕ ಮಗುಚಿದೆ. ನನ್ನ ಮುಖದ ಬೆನ್ನು ಎಲ್ಲಿ ಬರುತ್ತದೆ ಎಂದು ಬೆರಳಾಡಿಸಿ ಹುಡುಕಿದೆ.

ಬೆರಳಿಗೆ ಗುಳಿ ಸಿಕ್ಕಿತು. ನನಗಿಂತ ಮೊದಲು ಯಾರೋ ಅಲ್ಲಿ ತಟ್ಟಿದ್ದರು.

ನನ್ನ ಮುಖದ ಹಿಂದೆ ಅಲ್ಲ. ಅದು ನುಣ್ಣಗಿತ್ತು. ಗುಳಿ ಇದ್ದದ್ದು ಸೀಸೆರನ ಕಣ್ಣಿನ ಹಿಂದೆ. ಇನ್ನೊಂದು ಕಡೆ, ಅವನ ಕಣತಲೆಯ ಪಕ್ಕ, ಕಂಬಳಿಯ ಮಡಿಕೆ ಇರುವಲ್ಲಿ, ಇನ್ನಷ್ಟು ಗುಳಿಗಳು.

ಪಾವೆಲ್ಸನನ್ನು ಕರೆದೆ. ಮಸಿ ದಪ್ಪಗೆ ಬಳಿ, ಒರೆಸುವಾಗ ಕೈ ಹಗುರ ಇರಲಿ ಅಂದೆ. ಇರುವುದರಲ್ಲೇ ತೆಳು ಕಾಗದ ನೆನೆಸಿ ಉರುಳೆಗೆ ಕೊಟ್ಟೆವು. ಗಿಲ್ಲಿಸ್, ನೀನು ಉಜ್ಜಿದ್ದು ಸಾಲಲಿಲ್ಲ. ಆತುರದ ಕೆಲಸ, ನಾಚಿಕೆಪಟ್ಟುಕೊಂಡು ಮಾಡಿದ ಕೆಲಸ. ಮುಚ್ಚಿದ ರೆಪ್ಪೆಯ ಅಡಿಯಿಂದ ಬೂದುಬಣ್ಣದಲ್ಲಿ ಇನ್ನೊಂದು ಕಣ್ಣು ಎದ್ದು ಬಂತು, ತೆರೆದ ಕಣ್ಣು. ಅದು ಯಾಯೇಲಳನ್ನೇ, ನನ್ನನ್ನೇ ನೋಡುತ್ತಿದೆ. ಕಂಬಳಿಯ ಮಡಿಕೆಯಲ್ಲಿ ಒಂದು ಕೈ ಎದ್ದು ಬಂತು. ತೋರುಬೆರಳು ಚಾಚಿ ಕಣತಲೆಯನ್ನು ಮುಟ್ಟಿದೆ.

ಪಾವೆಲ್ಸ್ ಶಿಲುಬೆ ಗುರುತು ಮಾಡಿಕೊಂಡ. "ಯಜಮಾನ್ರು," ಅಂದ. "ಅಮ್ಮಾವ್ರೇ, ಇದು ಯಜಮಾನ್ರ ಬೆರಳು. 'ಇಲ್ಲಿ' ಅಂತಿದಾರೆ ನೋಡಿ."

ಈ ಅಂಗಡಿಯಲ್ಲಿ ಆ ಬೆರಳನ್ನು ಅರಿಯದವರಿಲ್ಲ. ಅಚ್ಚಿನಲ್ಲಿ ಮಸಿ ಹಿಡಿಯದ ಕಡೆ ಚಾಚುತ್ತಿದ್ದ, "ಇಲ್ಲಿ" ಅನ್ನುತ್ತಿದ್ದ. ನಿನ್ನ ಕೆಲಸದ ಮೇಲೂ ಎಷ್ಟು ಸಲ ಚಾಚಿದ್ದಾನೆ. ಮಾತು ನಿಂತ ಮೇಲೆ ಬೆರಳೊಂದೇ ಉಳಿಯಿತು. ಬಟ್ಟಲನ್ನು ತೋರಿಸುತ್ತಿದ್ದ, ಗಸಗಸೆಯ ಜಾಡಿಯನ್ನು ತೋರಿಸುತ್ತಿದ್ದ, ಆಮೇಲೆ ತನ್ನನ್ನು ತೋರಿಸಿಕೊಳ್ಳುತ್ತಿದ್ದ. ಎಷ್ಟೋ ದಿನ ನಾನು ಇಲ್ಲವೆಂದು ತಲೆಯಾಡಿಸಿದೆ. ಒಂದು ದಿನ ಆಡಿಸಲಿಲ್ಲ. ಇದಕ್ಕಿಂತ ಹೆಚ್ಚು ಕಾಗದದಲ್ಲಿ ಬರೆಯುವುದಿಲ್ಲ. ಕಾಗದವನ್ನು ಯಾರು ಯಾರೋ ಓದುತ್ತಾರೆ.

ಅವನು ಆ ಚಿತ್ರವನ್ನು ನನಗೆ ಏಕೆ ತೋರಿಸಲಿಲ್ಲ ಎಂದು ಈಗ ತಿಳಿಯಿತು. ತೋರಿಸಿದ್ದರೆ ನಾನು ಹರಿದು ಹಾಕುತ್ತಿದ್ದೆ. ಮುಂದೆ ಜನ ನನ್ನ ಬಗ್ಗೆ ಏನು ಮಾತಾಡುತ್ತಾರೆಂದು ಅವನಿಗೆ ಗೊತ್ತಿತ್ತು. ಅದಕ್ಕೇ ನಿನಗೆ ಕಳಿಸಿದ. ಒಡಹುಟ್ಟಿದ ತಮ್ಮ ಸಾಕ್ಷಿ ಇರಲಿ ಅಂತ. 'ನಾನು ಎಚ್ಚರವಿದ್ದೆ, ನಾನೇ ತೋರಿಸಿದೆ' ಅಂತ ನಿನಗೆ ಹೇಳಿದ. ನೀನು ಅದನ್ನು ಓದಿದೆ, ಓದಿ ಹಾಗೇ ಕೆತ್ತಿದೆ, ಆಮೇಲೆ ಹೆರೆದೆ. ಸತ್ತ ಅಣ್ಣನ ಬೆರಳನ್ನು ಕತ್ತರಿಸಿದೆ, ಕಣ್ಣನ್ನು ಮುಚ್ಚಿದೆ, ಆ ಫಲಕ ಹಿಡಿದುಕೊಂಡು ನನ್ನ ಮಗಳನ್ನು ಹೆದರಿಸಿದೆ. ಈಜೆಬೆಲ ನಿನಗಿಂತ ಎಷ್ಟೋ ವಾಸಿ, ಅವಳು ಮಾಡಿದ್ದನ್ನು ಎಲ್ಲರಿಗೂ ಕಾಣುವಂತೆ ಕಿಟಕಿಯಲ್ಲಿ ನಿಂತು ಮಾಡಿದಳು.

ಈ ಪತ್ರದ ಜೊತೆ ಆ ತೆಳು ಕಾಗದದ ಅಚ್ಚು ಇದೆ. ಅದನ್ನು ಅಲೈಟಳ ಕೈಗೆ ಕೊಡು, ಅವಳನ್ನು ಮೊದಲ ಗಾಡಿಗೆ ಹತ್ತಿಸು. ಇಲ್ಲವಾದರೆ ನಾನು ಈ ಫಲಕವನ್ನು ಅಳಿಸುವುದಿಲ್ಲ, ಅಚ್ಚು ಹಾಕುತ್ತೇನೆ. ಮೂಲೆಯಲ್ಲಿ ಮೂರೂ ಹೆಸರು ಕೆತ್ತಿಸುತ್ತೇನೆ: ಬರೆದವನು ಲಾಂಬರ್ಟ್, ಕೆತ್ತಿದವನು ಗಿಲ್ಲಿಸ್, ಪ್ರಕಟಿಸಿದವಳು ಡಿಂಫ್ನಾ. ನೀನು ಮೇಲೆ ಎಳೆದ ರೆಪ್ಪೆಯ ಗೆರೆ ಕೂದಲಿನಷ್ಟು ತೆಳು, ಅಡಿಯಲ್ಲಿರುವ ಗೆರೆ ಆಳ. ಪಾವೆಲ್ಸನ ಅಂಗೈ ಸುಣ್ಣದಪುಡಿ ಹಚ್ಚಿ ಒರೆಸುತ್ತಾ ಹೋದ ಹಾಗೆ ಯಾವುದು ಸವೆಯುತ್ತದೆ, ಯಾವುದು ಬಾಯಿ ಬಿಡುತ್ತದೆ, ನಿನಗೇ ಗೊತ್ತು.

ನನ್ನ ಹುಬ್ಬನ್ನು ಜಗತ್ತು ನೋಡಲಿ. ನನಗೇನೂ ನಾಚಿಕೆ ಇಲ್ಲ.

ಡಿಂಫ್ನಾ


ಕೊಲೋನ್, ೧೯ ಸೆಪ್ಟೆಂಬರ್ ೧೫೭೭

ಲಾಂಬರ್ಟನ ವಿಧವೆಗೆ,

ನಿನ್ನ ತೆಳು ಕಾಗದ ಒಲೆಗೆ ಹೋಯಿತು. ಅಲೈಟ್ ನೋಡಿಲ್ಲ.

ಸೀಸೆರ ನಿದ್ದೆ ಹೋಗಿದ್ದನೆಂದು ದೇವರ ವಾಕ್ಯ ಹೇಳುತ್ತದೆ. ಅಣ್ಣ ಜ್ವರದಲ್ಲಿ ತಪ್ಪು ಬರೆದ. ನಾನು ಮೊದಲು ಅವನು ಬರೆದಂತೆಯೇ ಕೆತ್ತಿದ್ದು ನಿಜ, ಆಮೇಲೆ ಗ್ರಂಥಕ್ಕೆ ತಕ್ಕಂತೆ ತಿದ್ದಿದ್ದೂ ನಿಜ. ಯಾವ ಕೆತ್ತನೆಗಾರನೂ ಅದನ್ನೇ ಮಾಡುತ್ತಿದ್ದ. ಕಣ್ಣು ತೆರೆದ ಸೀಸೆರನನ್ನು ಯಾವ ಪಾದ್ರಿ ಕೊಳ್ಳುತ್ತಾನೆ? ಸಾಯುವವನೇ ಗೂಟಕ್ಕೆ ಜಾಗ ತೋರಿಸುವುದು ಎಲ್ಲಿಯ ಕಥೆ?

ನೀನು ಗೆದ್ದೆ ಅಂದುಕೊಂಡಿದ್ದೀಯ. ಕಣ್ಣು ತೆರೆದಿದ್ದರೂ ಗೂಟ ಗೂಟವೇ, ಸುತ್ತಿಗೆ ನಿನ್ನ ಕೈಯಲ್ಲೇ ಇದೆ. ನೀನು ಮಾಡಿದ್ದು ಹೌದು ಅಂತ ನಿನ್ನ ಪತ್ರವೇ ಹೇಳುತ್ತದೆ. ಅವನು ಕೇಳಿದ್ದರೆ ಏನಾಯಿತು? ಜ್ವರದವನು ಚಂದ್ರನನ್ನೂ ಕೇಳುತ್ತಾನೆ. ಬೇಸಿಗೆಯವರೆಗೆ ಬದುಕಿದ್ದರೆ ನಾನು ಬರುತ್ತಿದ್ದೆ. ಬರಬೇಕೆಂದೇ ಇದ್ದೆ. ನನ್ನನ್ನು ಒಂದು ಮಾತು ಕೇಳಿದಿರಾ, ನೀವಿಬ್ಬರೂ?

ನನ್ನ ಹೆಸರನ್ನು ಆ ಫಲಕದ ಮೇಲೆ ಕೆತ್ತಿಸಬೇಡ. ಹಾಗೆ ಮಾಡಿದರೆ ಅಲೈಟಳ ಮುಖವನ್ನು ಈ ಜನ್ಮದಲ್ಲಿ ನೀನು ನೋಡುವುದಿಲ್ಲ.

ಗಿಲ್ಲಿಸ್


ಕೊಲೋನ್, ೧೧ ನವೆಂಬರ್ ೧೫೭೭

ಅತ್ತಿಗೆ,

ನೀನು ಉತ್ತರ ಬರೆಯಲಿಲ್ಲ. ಅಚ್ಚುಗಳನ್ನು ಪೇಟೆಗೆ ಕಳಿಸಿದೆ. ಅದೇ ನಿನ್ನ ಉತ್ತರ.

ಫ್ರಾಂಕ್‌ಫರ್ಟ್ ಜಾತ್ರೆಯಿಂದ ಬಂದ ವ್ಯಾಪಾರಿಗಳು ಇಲ್ಲಿ ದೊಡ್ಡ ಇಗರ್ಜಿಯ ಪಕ್ಕದ ಮಳಿಗೆಗಳಲ್ಲಿ ಯಾಯೇಲಳನ್ನು ನೇತುಹಾಕಿದ್ದಾರೆ. ಮೊದಲು ಬಂದ ಹಾಳೆಗಳಲ್ಲಿ ಸೀಸೆರ ಅರೆಗಣ್ಣು ಬಿಟ್ಟಿದ್ದ. ಆಮೇಲೆ ಬಂದವುಗಳಲ್ಲಿ ಪೂರ್ತಿ ಬಿಟ್ಟಿದ್ದಾನೆ. ರೆಪ್ಪೆ ಸವೆದುಹೋಗಿದೆ, ಕಂಬಳಿಯಿಂದ ಬೆರಳು ಹೊರಗೆ ಬಂದಿದೆ, ಕೆಳಗೆ ನನ್ನ ಹೆಸರು. ಕಸುಬಿನವರು ಬೀದಿಯಲ್ಲಿ ಸಿಕ್ಕಿದಾಗ ತೋರುಬೆರಳನ್ನು ಕಣತಲೆಗೆ ಇಟ್ಟುಕೊಂಡು, "ಏನು ಗಿಲ್ಲಿಸ್, ಸತ್ತೋರನ್ನ ಎಬ್ಬಿಸೋದು ಯಾವಾಗ ಕಲ್ತೆ?" ಅನ್ನುತ್ತಾರೆ. ಜನ ಅದನ್ನೇ ಕೇಳಿ ಕೇಳಿ ಕೊಳ್ಳುತ್ತಿದ್ದಾರೆ. ನಿನಗೆ ಇದೇ ಬೇಕಿತ್ತು, ಸಿಕ್ಕಿತು. ಉಣ್ಣು.

ಅಲೈಟಳನ್ನು ಆ ಕಡೆ ಹೋಗಗೊಡಬೇಡ ಎಂದು ಉರ್ಸೆಲಳಿಗೆ ಹೇಳಿದ್ದೆ. ಆದರೆ ಹಬ್ಬಕ್ಕೆ ಬಾತುಕೋಳಿ ತರಲು ಇಬ್ಬರೂ ಪೇಟೆಗೆ ಹೋದರು. ಉರ್ಸೆಲ್ ಕೋಳಿಯವಳ ಜೊತೆ ಚೌಕಾಸಿಗೆ ನಿಂತಾಗ ಹುಡುಗಿ ಮಳಿಗೆಯ ಮುಂದೆ ನಿಂತಳಂತೆ. ಮನೆಗೆ ಬಂದವಳು ಒಂದು ಹಾಳೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟಳು. ಬೇಸಿಗೆಯಲ್ಲಿ ನಾನು ಕೊಟ್ಟಿದ್ದ ಕರಡಚ್ಚನ್ನು ತಂದು ಪಕ್ಕದಲ್ಲಿ ಇಟ್ಟಳು. ಒಂದರಲ್ಲಿ ಮುಚ್ಚಿದ ಕಣ್ಣು, ಒಂದರಲ್ಲಿ ತೆರೆದ ಕಣ್ಣು.

"ಚಿಕ್ಕಪ್ಪ, ಅಪ್ಪನ ಕಣ್ಣು ಮುಚ್ಚಿದ್ದು ಯಾರು?"

ದೇವರ ವಾಕ್ಯ ಹೀಗೆ ಹೇಳುತ್ತದೆ ಅಂತ ಶುರು ಮಾಡಿದೆ. ಅವಳು ಕೇಳಿಸಿಕೊಳ್ಳಲಿಲ್ಲ. "ಅದು ಬೇಡ. ನೀವು ಮುಚ್ಚಿದ್ರಾ?" ಅಂದಳು. ಅವಳ ದನಿ ಥೇಟ್ ನಿನ್ನದು. ನಾನು ಬೈದೆ. ಏನು ಬೈದೆ ಅಂತ ಬರೆಯುವುದಿಲ್ಲ.

ನಿನ್ನೆ ಬೆಳಿಗ್ಗೆ ಏಳುವಾಗ ಅವಳ ಹಾಸಿಗೆ ಮಡಿಸಿಟ್ಟಿತ್ತು. ಉಣ್ಣೆ ವ್ಯಾಪಾರಿಯ ಹೆಂಡತಿಯೊಬ್ಬಳ ಜೊತೆ ನದಿಯಲ್ಲಿ ಕೆಳಗೆ ಹೋಗುವ ದೋಣಿ ಹತ್ತಿದಳಂತೆ. ಆ ಹೆಂಗಸು ಒಳ್ಳೆಯವಳು ಅಂತ ಕೇಳಿದ್ದೇನೆ. ನೀರಿನ ಮೇಲೆ ಚಳಿ ಜಾಸ್ತಿ. ಉರ್ಸೆಲಳ ದಪ್ಪ ಶಾಲು ಕಾಣುತ್ತಿಲ್ಲ, ಹುಡುಗಿ ತೆಗೆದುಕೊಂಡು ಹೋಗಿರಬೇಕು, ಅಥವಾ ಉರ್ಸೆಲಳೇ ಕೊಟ್ಟಿರಬೇಕು. ಅವಳು ನನ್ನ ಜೊತೆ ಮಾತಾಡುತ್ತಿಲ್ಲ.

ತಲುಪಿದಳೋ ಇಲ್ಲವೋ ಒಂದು ಸಾಲು ಬರೆ. ಬೇರೇನೂ ಬರೆಯಬೇಡ.

ಗಿಲ್ಲಿಸ್


ಆಂಟ್ವರ್ಪ್, ೪ ಡಿಸೆಂಬರ್ ೧೫೭೭

ಗಿಲ್ಲಿಸ್,

ತಲುಪಿದಳು.

ಒಂದೇ ಸಾಲು ಸಾಕು ಅಂದಿದ್ದೀಯ, ಆದರೆ ನಿನ್ನ ಮಾತು ಕೇಳಿ ಅಭ್ಯಾಸವಿಲ್ಲ ನನಗೆ. ಮಿಕ್ಕ ಐದು ಚಿತ್ರಗಳನ್ನು ಕಳಿಸು. ಅವುಗಳ ಬೆನ್ನಿಗೆ ಇದ್ದಿಲು ಸವರಬೇಡ, ಮೊನೆ ತಾಗಿಸಬೇಡ. ಬೇರೆ ಕೆತ್ತನೆಗಾರನನ್ನು ನೋಡಿಕೊಂಡಿದ್ದೇನೆ. ನಿನ್ನ ಉಳಿ ಇನ್ನು ಈ ಮನೆಯ ಗೆರೆಯನ್ನು ಮುಟ್ಟುವುದಿಲ್ಲ. ನಿನ್ನನ್ನು ಕ್ಷಮಿಸಿದ್ದೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಉರ್ಸೆಲಳ ಶಾಲನ್ನು ಒಗೆದು ಗಾಡಿಯವನ ಕೈಯಲ್ಲಿ ಕಳಿಸಿದ್ದೇನೆ. ಅವಳಿಗೆ ನನ್ನ ವಂದನೆ ತಿಳಿಸು, ಅವಳೊಬ್ಬಳಿಗೆ.

ಅಲೈಟ್ ಬಂದಾಗ ಅಂಗಡಿಯಲ್ಲಿ ಎಲ್ಲರೂ ಇದ್ದರು. ಯಾರ ಕಡೆಗೂ ನೋಡದೆ ಫಲಕ ಎಲ್ಲಿ ಅಂದಳು. ತೋರಿಸಿದೆ. ತಾಮ್ರದ ಮೇಲೆ ಅಪ್ಪನ ಕಣ್ಣಿನ ಹತ್ತಿರ ಬೆರಳು ಇಟ್ಟು, ಆಮೇಲೆ ಫಲಕ ಮಗುಚಿ ಹಿಂದಿನ ಗುಳಿಗಳನ್ನು ಸವರಿ ನೋಡಿದಳು. ತುಂಬ ಹೊತ್ತು ಸವರಿದಳು. ಪಾವೆಲ್ಸ್ ಅಳುತ್ತ, ಮಸಿ ಕಣ್ಣಿಗೆ ಹೋಯಿತು ಅಂತ ಸುಳ್ಳು ಹೇಳಿದ.

"ಅಪ್ಪ ಕೇಳಿದ್ರಾ ಅಮ್ಮ?" ಅಂದಳು.

"ಕೇಳಿದ್ರು."

"ನೀನು ಬೇಡ ಅಂದ್ಯಾ?"

"ಅಂದೆ. ಬೇಡ ಬೇಡ ಅಂತಾನೇ ಇದ್ದೆ ಕಣೇ."

ಅವಳು ಫಲಕವನ್ನು ಕೆಳಗಿಟ್ಟಳು. ಒಳಗೆ ಬಂದು ಒಲೆಯ ಮುಂದೆ, ಅಪ್ಪನ ಕುರ್ಚಿಯಲ್ಲಿ ಕೂತಳು. ಕೈ ಕಾಲು ತಣ್ಣಗೆ ಕೊರೆಯುತ್ತಿದ್ದವು. ಬಿಸಿ ಮಾಡಿಕೊಡಲು ಬೀರು ಇತ್ತು, ಸೂಪು ಇತ್ತು. ನೀನು ಬರೆದದ್ದು ನೆನಪಿತ್ತು ನನಗೆ, ಆದರೂ ಕೈ ರೂಢಿಯ ಮೇಲೆ ಹಾಲಿನ ಪಾತ್ರೆಗೇ ಹೋಯಿತು. ಕಾಯಿಸಿ ಬಟ್ಟಲಿಗೆ ಸುರಿದು ಅವಳ ಮುಂದೆ ಹಿಡಿದ ಮೇಲೆ ಗೊತ್ತಾಯಿತು ಏನು ಹಿಡಿದಿದ್ದೇನೆಂದು. ವಾಪಸ್ಸು ತೆಗೆಯೋಣವೆಂದು ಕೈ ಹಿಂದಕ್ಕೆ ಎಳೆಯತೊಡಗಿದೆ.

ಅವಳು ಬಟ್ಟಲನ್ನು ನೋಡಿದಳು. ಬಟ್ಟಲು ತೆಗೆದುಕೊಂಡು, ಅದರ ಅಂಚಿನ ಮೇಲಿಂದ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತ, ಪೂರ್ತಿ ಕುಡಿದಳು.

ಡಿಂಫ್ನಾ